ನೂರಿ ಚಾಚಿಯ ಚುಟ್ಟಾ

ಹೋದ ವಾರ ನಿಪ್ಪಾಣಿಯ ಓಣಿಯೊಂದರಲ್ಲಿ ನಡೆಯುತ್ತಿದ್ದಾಗ ಯಾರದೋ ಮನೆಯಿಂದ ಮಿಶ್ರಿ ಹುರಿಯುವ ವಾಸನೆ ಬಂತು. ಹಂಚಿನ ಮೇಲೆ ತಂಬಾಕನ್ನು ಕಪ್ಪಗೆ ಹುರಿದು, ಪುಡಿ ಮಾಡಿ, ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕಿಕೊಳ್ಳುವ ಮಿಶ್ರಿ. ಆ ಘಾಟು ಗಂಟಲಿಗಿಳಿಯುತ್ತಲೇ ನನಗೆ ಮೊದಲು ಹೊಳೆದದ್ದು, ಮನೆಯಲ್ಲಿ ಗ್ಯಾಸು ಆರಿಸಿ ಬಂದೆನೋ ಇಲ್ಲವೋ ಎಂಬುದು. ಬೀಗ ಹಾಕಿ, ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ಮರಳಿ ಬಂದು ಮತ್ತೊಮ್ಮೆ ಜಗ್ಗುವವರ ಪೈಕಿ ನಾನು. ಆ ಚಿಂತೆ ತೀರಿದ ಮೇಲೆ ನೆನಪಾದದ್ದು ದಾದಿಯ ಅಂಗಳ, ಬೇವಿನ ಕೆಳಗಿನ ಒಲೆ, ಮತ್ತು ಬೆಂಕಿಯನ್ನು ಬಾಯೊಳಗಿಟ್ಟುಕೊಂಡು ಕೂರುತ್ತಿದ್ದ ನೂರಿ ಚಾಚಿ.

ದಾದಿ, ಅಂದರೆ ನಮ್ಮ ಅಪ್ಪನ ತಾಯಿ, ತಂಬಾಕಿನ ಗೋದಾಮಿನ ಒಡತಿ. ಮನೆಮಾತು ಉರ್ದುವಾದರೂ, ಎಲೆ ಬಿಡಿಸಲು ಬರುವ ಹೆಂಗಸರಿಂದಾಗಿ ಅಂಗಳದ ಮಾತು ಕನ್ನಡವಾಗಿತ್ತು. ಕುವೈತಿನ ಆಸ್ಪತ್ರೆಯೊಂದರಲ್ಲಿ ಡ್ರೈವರನಾಗಿದ್ದ ನಮ್ಮ ಚಾಚಾ, ಅಂದರೆ ಅಪ್ಪನ ತಮ್ಮ, ಅಲ್ಲೇ ಆಯಾ ಆಗಿದ್ದ ಫಿಲಿಪ್ಪೀನ್ಸಿನ ಲೂರ್ದೆಸ್ ಎಂಬುವಳನ್ನು ಮದುವೆಯಾಗಿ, ನೂರಿ ಎಂದು ಹೆಸರಿಟ್ಟು, ನಮ್ಮಲ್ಲಿ ತಂದುಬಿಟ್ಟು ಕೆಲಸಕ್ಕೆ ಮರಳಿದ್ದ. ಬಂದ ದಿನವೇ ಅವಳು ಗೋದಾಮಿಗೆ ಹೋಗಿ ಎಲೆಯ ರಾಶಿಗೆ ಮುಖ ಹುದುಗಿಸಿ ಅತ್ತಳು. ಅವಳ ಊರೂ ತಂಬಾಕಿನದೇ; ಮೊದಲು ಸ್ಪೇನಿನವರು, ಆಮೇಲೆ ಅಮೆರಿಕದವರು ಆಳಿದ ನಾಡು. ಎಲೆ ಬಿಡಿಸುವ ಗಂಗವ್ವನ ಮಗ್ಗುಲಲ್ಲಿ ಕೂತು ಕೂತು, ಉರ್ದುವಿಗಿಂತ ಮೊದಲು ಅವಳಿಗೆ ಕನ್ನಡ ಬಂತು. "ಹೆಸರು ಸ್ಪೇನಿನವ್ರು ಕೊಟ್ರು, ಸಾಲಿ ಅಮೇರಿಕಾದವ್ರು ಕೊಟ್ರು. ತಂಬಾಕರ ನಮ್ಮದು ಅನ್ಕೊಂಡಿದ್ದೆ, ಅದನ್ನೂ ಸ್ಪೇನಿನವ್ರು ನಮ್ಮವ್ರನ್ನ ಬಡದು ಬೆಳಿಸಿದ್ರಂತ ಬೇ," ಎಂದು ನಗುತ್ತಿದ್ದಳು.

ಸಂಜೆ ಒಂದು ಎಲೆ ಸುತ್ತಿ ಚುಟ್ಟಾ ಮಾಡಿ, ಹಚ್ಚಿ, ಉರಿಯುವ ತುದಿಯನ್ನೇ ಬಾಯೊಳಗಿಟ್ಟು ತುಟಿ ಮುಚ್ಚಿಬಿಡುತ್ತಿದ್ದಳು. ಮೊದಲ ಸಲ ನೋಡಿದಾಗ ನಾನು ಕಿರುಚಿದ್ದೆ. ಆಮೇಲೆ ಅವಳ ನಾಲಿಗೆ ಸುಟ್ಟರೆ ಗತಿಯೇನು ಎಂದು ದಿನಾ ತಂಬಿಗೆಯಲ್ಲಿ ನೀರು ಹಿಡಿದು ಪಕ್ಕದಲ್ಲಿ ಕೂರತೊಡಗಿದೆ. ಮಿಶ್ರಿ ಹುರಿಯುವ ದಾದಿಗೆ ಸೊಸೆಯನ್ನು ಬೈಯಲು ಬಾಯಿರಲಿಲ್ಲ. ಗಂಗವ್ವ ಮಾತ್ರ, "ಬಿಡ್ರಿ, ನಮ್ಮ ಬೆಂಕಿ ಹಂಚಿನ ಕೆಳಗ, ಅಕೀದು ಬಾಯಾಗ. ಈ ಹುಡುಗೀದು ಹೊಟ್ಟ್ಯಾಗ!" ಎಂದು ನನ್ನ ತಂಬಿಗೆ ನೋಡಿ ನಗಾಡುತ್ತಿದ್ದಳು.

ಐನಾಪುರದಿಂದ ಫೂಫಿ, ಅಂದರೆ ದಾದಿಯ ಹಿರಿಯ ಮಗಳು, ಬಂದ ದಿನ ಅದೇ ಹೊತ್ತಿಗೆ ಅದನ್ನು ಕಂಡು ಹೌಹಾರಿದರು. ಇದೆಂಥ ಹುಚ್ಚು ಎಂದು ಗದರಿದಾಗ ಚಾಚಿ ಚುಟ್ಟಾ ತೆಗೆದು ಮೆಲ್ಲಗೆ ಹೇಳಿದಳು. ರೂಢಿ ಹಳೆಯದು, ಆದರೆ ಅವಳ ಅವ್ವ ಅದನ್ನು ಕಲಿತದ್ದು ಜಪಾನಿನ ಸೈನ್ಯ ಊರು ಹಿಡಿದಾಗ. ಹೆಂಗಸರು ಕಬ್ಬಿನೊಳಗೆ ಅಡಗಿ ಕೂತು, ಕಿಡಿ ಸಿಪಾಯಿಗಳ ಕಣ್ಣಿಗೆ ಬೀಳದಿರಲೆಂದು ಬಾಯೊಳಗಿಟ್ಟುಕೊಳ್ಳುತ್ತಿದ್ದರಂತೆ. ಆದರೂ ಅವ್ವ ಸಿಕ್ಕಿಬಿದ್ದಳು. ಅಮೆರಿಕದವರು ಕಟ್ಟಿಸಿದ ಶಾಲೆಯೇ ಆಗ ಸಿಪಾಯಿಗಳ ಠಾಣ್ಯ. ಯುದ್ಧ ಮುಗಿಯುವವರೆಗೂ ಅವಳನ್ನು ಅಲ್ಲಿ ಕೂಡಿಹಾಕಿದ್ದರು. "ತಿರುಗಿ ಬಂದ್ಮ್ಯಾಗ ಊರಾಗ ಯಾರೂ ಬೈಲಿಲ್ರಿ. ಮಾತೂ ಆಡ್ಲಿಲ್ಲ. ಅಕಿ ಬಾವಿಗಿ ಬಂದ್ರ ಉಳಿದಾವ್ರು ಕೊಡ ಎತ್ಕೊಂಡು ಹೋಗ್ತಿದ್ರು."

"ಕೇಳಿದೇನ ಅಮ್ಮಾ?" ಫೂಫಿ ಎದ್ದು ನಿಂತರು. "ಸಿಪಾಯಿಗಳ ಕೈಯಾಗಿದ್ದಾಕಿ ಮಗಳಂತ! ನಾಳಿ ನಮ್ಮ ಹುಡುಗೀರ್ನ ಯಾರು ಮಾಡ್ಕೊತಾರ? ಟಿಕೀಟ್ ತಗಸು. ಬಂದ ಹಾದಿ ಹಿಡೀಲಿ." ನಮ್ಮ ಹುಡುಗಿಯರಲ್ಲಿ ನಾನೂ ಒಬ್ಬಳಾದ್ದರಿಂದ, ಆ ಕ್ಷಣದಿಂದ ನನಗೆ ಮದುವೆಯ ಚಿಂತೆಯೂ ಹತ್ತಿತು. ಆದರೆ ಚಾಚಿಯ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ. ಬಾವಿಕಟ್ಟೆಯಿಂದ ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೋಗುವುದನ್ನು ಅವಳು ನಮ್ಮ ಅಂಗಳದಲ್ಲೇ ನೋಡುತ್ತಿರುವಂತಿತ್ತು. ಹಂಚಿನ ಮೇಲಿನ ಮಿಶ್ರಿ ಸೀದು ಬೂದಿಯಾಯಿತು. ಒಲೆಯ ಮುಂದೆ ಕೂತು ದಾದಿ ಮಿಶ್ರಿ ಸೀಯಿಸಿದ್ದನ್ನು ನಾವು ಕಂಡದ್ದು ಅದೊಂದೇ ಸಲ.

"ಐನಾಪುರದ ಬಸ್ಸು ಯಾವಾಗೈತಿ ನೋಡು," ಎಂದರು ಕೊನೆಗೆ, ಮಗಳಿಗೆ. "ಹಾದಿ ಹಿಡಿಯೂದಾದ್ರ ನೀ ಹಿಡಿ." ಆಮೇಲೆ ಸೊಸೆಯ ಕಡೆ ತಿರುಗಿ, "ನಿಮ್ಮವ್ವ ಅದಾಳ?"

"ಅದಾಳ್ರಿ."

"ಕರಸು. ಇಲ್ಲಿ ಅಕಿನ್ನ ಯಾರೂ ಏನೂ ಕೇಳೂದಿಲ್ಲ."

ಚಾಚಿ ತಲೆಯಾಡಿಸಿದಳು. "ಕೇಳ್ಬೇಕ್ರಿ ಅತ್ಯಾರ. ಯಾರೂ ಕೇಳ್ಲಿಲ್ಲಂತನ ಅಕಿ ಬೆಂಕಿ ಬಾಯಾಗ ಉಳೀತು."

ದಾದಿ ಸೀದ ಹಂಚನ್ನು ಒಲೆಯಿಂದ ಕೆಳಗಿಳಿಸಿದರು. "ಹಂಗಾರ ಅಕಿ ಬರೂತನಕ ನೀ ಹೇಳು. ನಾ ಕೇಳ್ತೀನಿ."

ಆ ಅವ್ವ ಬರಲಿಲ್ಲ. ಕಾಗದಪತ್ರ ಆಗುವ ಮೊದಲೇ ಅವಳು ತೀರಿಕೊಂಡ ಸುದ್ದಿ ಬಂತು. ಈಗ ಗೋದಾಮಿದ್ದಲ್ಲಿ ಮಂಗಲ ಕಾರ್ಯಾಲಯವಿದೆ. ಬೇವನ್ನು ಕಡಿದು ಗಾಡಿ ನಿಲ್ಲಿಸಲು ಜಾಗ ಮಾಡಿದ್ದಾರೆ. ಅತ್ತೆಸೊಸೆ ನಮ್ಮ ಖಬರಸ್ತಾನದಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಆದರೆ ಆಗ, ಅವ್ವನ ಸುದ್ದಿ ಬಂದ ಮೇಲೂ, ಅವರಿಬ್ಬರೂ ಸಂಜೆ ಒಲೆಯ ಬಳಿ ಕೂತು ಹೇಳುವುದು, ಕೇಳುವುದು ನಿಂತಿರಲಿಲ್ಲ. ಹೊತ್ತು ಮುಳುಗಿ ದೀಪ ಹಚ್ಚುವ ಮೊದಲಿನ ಮಬ್ಬಿನಲ್ಲಿ ದಾದಿಯ ಒಲೆಯ ಕೆಂಡ ಎಲ್ಲರಿಗೂ ಕಾಣುತ್ತಿತ್ತು, ಚಾಚಿಯದು ಕಾಣುತ್ತಿರಲಿಲ್ಲ. ಅವ್ವನ ಮಾತು ತೆಗೆದು ತುಟಿ ಬಿಚ್ಚಿದಾಗ ಮಾತ್ರ ಒಳಗಿನದು ಒಮ್ಮೆ ಕೆಂಪಗೆ ಹೊಳೆಯುತ್ತಿತ್ತು. ತಂಬಿಗೆಯ ನೀರು ನನ್ನ ಮಡಿಲಲ್ಲೇ ಬೆಚ್ಚಗಾಗುತ್ತಿತ್ತು.