ಲಿಫ್ಟಿನೊಳಗೆ ಪ್ರಾಣಾಯಾಮ
ಗುರುಗ್ರಾಮದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಆರನೇ ಮಹಡಿ ದಾಟಿದ್ದೇ ಗಕ್ಕನೆ ನಿಂತುಬಿಟ್ಟಿತು. ಒಳಗೆ ನಾನು, ಎಂಟು ವರ್ಷದ ಮಗಳು ಅನು ಮತ್ತು ಮೊನ್ನೆಯಷ್ಟೇ ಮೈಸೂರಿನಿಂದ ಬಂದಿದ್ದ ನಮ್ಮತ್ತೆ. ಗಾರ್ಡ್ ಭಯ್ಯಾಗೆ ಫೋನ್ ಮಾಡಿದರೆ ಐದೇ ನಿಮಿಷ ಎಂದ. ಅಷ್ಟರಲ್ಲಿ ಅತ್ತೆಗೆ ಏದುಸಿರು ಶುರುವಾಯಿತು. ನಾನೂ ಗಾಬರಿಯಲ್ಲಿ ಸಿಕ್ಕ ಸಿಕ್ಕ ಬಟನ್ ಒತ್ತತೊಡಗಿದೆ.

ಇಲ್ಲೇ ಹುಟ್ಟಿ ಬೆಳೆದ ಅನುವಿನ ಕನ್ನಡ ಅಷ್ಟಕ್ಕಷ್ಟೇ. ಶಾಲೆಯಲ್ಲಿ ಪ್ರಾಣಾಯಾಮ ಕಲಿತ ಮೇಲೆ ಪ್ರಾಣ ಎಂದರೆ ಉಸಿರು ಅಂದುಕೊಂಡಿದ್ದಳು. ಅಜ್ಜಿಯ ಕೈ ಹಿಡಿದು, ಥೇಟ್ ಟೀಚರ್ ಹಾಗೆ, "ಅಜ್ಜಿ, ಮೂಗಿಂದ ಪ್ರಾಣ ತಗೋ. ಅಚ್ಛಾ, ಈಗ ನಿಧಾನಕ್ಕೆ ಪ್ರಾಣ ಬಿಡು!" ಎಂದಳು.

ಅತ್ತೆ ಕಣ್ಣರಳಿಸಿ ನೋಡಿದರು. "ಇಷ್ಟು ಬೇಗ ಬೇಡ ಕಣೇ!" ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೊಮ್ಮಗಳು ಎಣಿಸಿದ ಹಾಗೆ ಉದ್ದುದ್ದ ಉಸಿರೆಳೆದು ಬಿಟ್ಟರು. ನಾನೂ ಜೊತೆಗೂಡಿದೆ. ಎದೆಬಡಿತ ತಹಬಂದಿಗೆ ಬಂತು. ಬಾಗಿಲು ತೆರೆದಾಗ ಅತ್ತೆ ಇನ್ನೂ ನಗುತ್ತಲೇ ಇದ್ದರು.

ಈಗ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಚಾಪೆ ಹಾಸಿ ಅತ್ತೆಯೇ ಕೂಗುತ್ತಾರೆ: "ಅನೂ, ಬಾರೇ, ಹಾಲು ಕುಡಿಯೋಕೆ ಮುಂಚೆ ಇಬ್ಬರೂ ಒಂದ್ಹತ್ತು ಸಲ ಪ್ರಾಣ ಬಿಡೋಣ!"