ಹನ್ನೊಂದು ಹೆಂಗಸರ ಟ್ಯಾಗು

ಹೈಟೆಕ್ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ನಾನು ಹೈದರಾಬಾದಿನ ಮಿಯಾಪುರದಲ್ಲಿದ್ದು ಬಿಲ್ಡರುಗಳಿಗೆ ಆಳು ಒದಗಿಸುತ್ತಿದ್ದೆ. ಆಳುಗಳೆಲ್ಲ ನಮ್ಮ ಯಾದಗಿರಿ ಕಡೆಯವರು. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದಿತ್ತು. ಯಾರು ಯಾವ ಕೆಲಸದವರು ಎಂಬುದು ತಲೆಯಲ್ಲೇ ಇರುತ್ತಿತ್ತು.

ಮೊಮ್ಮಗಳು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಅವಳ ಆಫೀಸಿನವರು ಒಂದು ವೆಬ್‌ಸೈಟ್ ಮಾಡಿದ್ದರು. ಬಿಲ್ಡರುಗಳು ಅದರಲ್ಲಿ ನೋಡಿ ಆಳು ಕರೆಸುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಆಯಿ, ಇಷ್ಟು ದಿನ ಒಬ್ಬರಿಗೆ ಒಂದ ಕೆಲಸ ಬರಿಯಾಕ ಜಾಗ ಇತ್ತು. ಈಗ ಟ್ಯಾಗ್ ಮಾಡೀನಿ. ಎಷ್ಟು ಬೇಕಾದ್ರೂ ಹಚ್ಚಬಹುದು.”

“ಟ್ಯಾಗ್ ಅಂದ್ರ?”

“ಚೀಟಿ ಅಂತ ತಿಳ್ಕೊ.”

“ಎಲ್ಲಿ ಅಂಟಸ್ತೀ? ಹಣಿ ಮ್ಯಾಲೇನು?”

ಅವಳು ನಕ್ಕಳು. ನಾನು ಒಬ್ಬೊಬ್ಬರದೇ ಹೇಳಿದೆ. ಇವನು ಗಾರೆ, ಟೈಲ್ಸು. ಇವಳು ಇಟ್ಟಿಗೆ ಹೊರುತ್ತಾಳೆ, ಎತ್ತರಕ್ಕೆ ಹತ್ತುವುದಿಲ್ಲ. ಬಿಲ್ಡರುಗಳು ಗಂಡ ಹೆಂಡತಿ ಜೋಡಿಗೆ ಒಂದು ತಗಡಿನ ಮನೆ ಕೊಡುತ್ತಿದ್ದರು. ಗಂಡನಿಲ್ಲದವಳಿಗೆ ಬೇರೆ ಜಾಗ ನೋಡಬೇಕು. ಆದ್ದರಿಂದ ಯಾರು ಒಂಟಿ ಎಂದು ನಾನು ಮೊದಲೇ ತಿಳಿಸುವ ರೂಢಿ. ಅದನ್ನೂ ಹೇಳಿದೆ. ಗಂಡಸರು ಒಂಟಿಯೇ ಎಂದು ಯಾರೂ ಕೇಳುವುದಿಲ್ಲ. ಅವರು ಎಲ್ಲಾದರೂ ಬಿದ್ದುಕೊಳ್ಳುತ್ತಾರೆ.

ನಾಲ್ಕು ದಿನ ಬಿಟ್ಟು ಮೊಮ್ಮಗಳು ‘ಒಂಟಿ’ ಎಂಬ ಮಾತಿನ ಮೇಲೆ ಒತ್ತಿ ತೋರಿಸಿದಳು. ಹನ್ನೊಂದು ಹೆಂಗಸರು ಸಾಲಾಗಿ ಬಂದರು. ಹೆಸರು, ಫೋಟೊ, ಕೆಲಸ ಮಾಡುವ ಜಾಗ.

“ಇವರನ್ನ ಒಂದ ಕಡಿ ಯಾರು ಕೂಡಿಸಿದ್ರು?”

“ನೀನ ಹೇಳಿದ್ಯಲ್ಲ, ಆಯಿ.”

ನಾನು ಹೇಳಿದ್ದು ಬೇರೆ ಬೇರೆಯಾಗಿ, ಹತ್ತು ಮಾತಿನ ನಡುವೆ ಒಂದು ಮಾತು. ಹೀಗೆ ಪಟ್ಟಿ ಮಾಡು ಎಂದಿರಲಿಲ್ಲ.

“ಇದನ್ನ ಯಾರ್ಯಾರು ನೋಡ್ತಾರ?”

“ಯಾರು ಬೇಕಾದ್ರೂ.”

“ತೆಗಿ ಅದನ್ನ. ಈಗ ತೆಗಿ. ಕೆಟ್ಟ ಮಂದಿ ಮನಿ ಹುಡಿಕ್ಕೋತ ಬರ್ತಾರ.”

“ತೆಗದ್ರ ಅವರಿಗೆ ಇರಾಕ ಜಾಗ ಯಾರು ಕೊಡ್ತಾರ?”

ಅದೂ ನಿಜವೇ. ತಲೆ ಕೆಟ್ಟುಹೋಯಿತು. ಕೊನೆಗೆ ಇಬ್ಬಿಬ್ಬರನ್ನು ಸೇರಿಸಿ ಜೋಡಿ ಎಂದು ಹಚ್ಚಿಸಿದೆ. ಉಳಿದ ಒಬ್ಬಳನ್ನು ನನ್ನ ಕೋಣೆಗೇ ಕರೆತಂದೆ.

ಮರುವಾರ ಒಬ್ಬ ಬಿಲ್ಡರನ ಸೂಪರ್‌ವೈಸರ್, ಬೀದರ ಕಡೆಯವನು, ಕೂಗಾಡುತ್ತ ಬಂದ.

“ಏನ್ರಿ ಅಮ್ಮಾ, ಜೋಡಿ ಅಂದ್ರಿ, ಇಬ್ಬರೂ ಹೆಣ್ಣಮಕ್ಕಳ ಬಂದಾರ!”

“ಇಬ್ಬರು ಅದಾರೋ ಇಲ್ಲೋ? ಎಣಿಸಿ ನೋಡು. ಮನಿ ಕೊಡು.”

ಗೊಣಗುತ್ತಲೇ ಕೊಟ್ಟ.

ಪರದೆಯಿಂದ ‘ಒಂಟಿ’ ಎಂಬ ಮಾತು ಹೋಯಿತು. ಆದರೆ ನಾಲ್ಕು ದಿನದಲ್ಲಿ ಯಾರು ನೋಡಿದ್ದರೋ? ಕೇಳಿದೆ. ಮೊಮ್ಮಗಳು ಏನೇನೋ ಹೇಳಿದಳು, ನನಗೆ ತಿಳಿಯಲಿಲ್ಲ. ಆಮೇಲೆ ಬಹಳ ದಿನ, ಗುರುತಿಲ್ಲದವರು ಆ ಹೆಂಗಸರ ಹೆಸರು ಹಿಡಿದು ಕೇಳಿಕೊಂಡು ಬಂದರೆ ಊರಿಗೆ ಹೋಗಿದ್ದಾರೆ ಎಂದು ಹೇಳಿ ಕಳಿಸಿದೆ. ಅವರಲ್ಲಿ ನಿಜವಾಗಿ ಕೆಲಸ ಕೊಡಲು ಬಂದವರೂ ಇದ್ದರೇನೋ.