ಬ್ಯಾಟರಿಗೂ ಒಂದು ಮಡಿ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಬಟ್ಟೆಗಳನ್ನು ಕೊಟ್ಟುಬಿಟ್ಟೆ. ಪುಸ್ತಕಗಳನ್ನು ಅವರು ವಿಜ್ಞಾನ ಕಲಿಸುತ್ತಿದ್ದ ಶಾಲೆಗೆ ಕಳಿಸಿದೆ. ಕೊಡದೆ ಉಳಿಸಿಕೊಂಡದ್ದು ಅಂಗಳದಲ್ಲಿ ನಿಂತ ಡಬ್ಬಿ ಗಾಡಿ ಮತ್ತು ಅದರ ಬ್ಯಾಟರಿ. ಗಾಡಿ ತುಕ್ಕು ಹಿಡಿದರೂ ಚಿಂತೆಯಿಲ್ಲ, ಬ್ಯಾಟರಿ ಮಾತ್ರ ಸಾಯಬಾರದು ಎಂದು ಹಟ ಹಿಡಿದೆ. ಕೇಳಿದವರು ನಕ್ಕಾರು ಎಂದು ಯಾರಿಗೂ ಹೇಳಲಿಲ್ಲ.

ಡಬ್ಬಿ ಗಾಡಿ ಎಂದರೆ ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ. ನಾರಾಯಣಪೇಟೆಯ ನಮ್ಮ ಓಣಿಯವರು ಇಟ್ಟ ಹೆಸರು ಅದು. ಅದು ಹುಟ್ಟಿದ್ದು ನಮ್ಮ ಅತ್ತೆಯ ಮಡಿಯಿಂದ. ಅತ್ತೆ ಹೊರಗಿನವರು ಬೇಯಿಸಿದ್ದನ್ನು ಮುಟ್ಟುವವರಲ್ಲ. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು, ಸೇದಿದ ನೀರಿನಲ್ಲಿ ತಾವೇ ಬೇಯಿಸಿಕೊಳ್ಳಬೇಕು. ಲಾಡ್ಜಿನ ಹಾಸಿಗೆಯಂತೂ ದೂರದ ಮಾತು. ಹೀಗಾಗಿ ಮಂತ್ರಾಲಯ ಇಷ್ಟು ಹತ್ತಿರವಿದ್ದೂ ಅವರು ಅಲ್ಲಿ ಒಂದು ರಾತ್ರಿ ಉಳಿದವರಲ್ಲ.

ನಿವೃತ್ತಿಯಾದ ಮೇಲೆ ನನ್ನ ಗಂಡ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು, "ಅಮ್ಮ ಮನಿ ಬಿಟ್ಟು ಬರೂದಿಲ್ಲ ಅಂದ್ರ ಮನೀನ್ನೇ ಕರಕೊಂಡು ಹೋಗೋಣು."

"ನಿಮ್ಮ ತಲಿ ಕೆಟ್ಟದ," ಎಂದೆ.

"ಹೌದು," ಎಂದು ಇನ್ನೊಂದಿಷ್ಟು ಸಾರು ಹಾಕಿಸಿಕೊಂಡರು.

ಮಕ್ತಲ್‌ನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುವ ಶೆಡ್ಡಿನಲ್ಲಿ ಗಾಡಿ ಸಿದ್ಧವಾಯಿತು. ಒಳಗೆ ಅಡುಗೆಕಟ್ಟೆ, ನಮ್ಮ ಬಾವಿಯ ನೀರು ತುಂಬುವ ಟಾಕಿ, ಅತ್ತೆಗೆ ಮಂಚ, ಮಂಚದ ಮೇಲೊಂದು ದೀಪ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಬ್ಯಾಟರಿ ಆರಿಸಲು ಇವರು ಗದ್ವಾಲಿಗೆ ಓಡಾಡಿದ ಓಡಾಟವನ್ನು ಹೆಣ್ಣು ನೋಡುವವರೂ ಓಡಾಡಿರಲಿಕ್ಕಿಲ್ಲ. ಕೊನೆಗೊಮ್ಮೆ ನನ್ನನ್ನೂ ಕರೆದುಕೊಂಡು ಹೋದರು.

ಅಂಗಡಿಯವನು ಟ್ರ್ಯಾಕ್ಟರ್ ಬ್ಯಾಟರಿ ಬೇಡವೇ ಬೇಡ ಎಂದ. "ಸರ, ಅದು ಇಂಜಿನ್ ಚಾಲೂ ಮಾಡಾಕ ಒಮ್ಮೆ ಜೋರ್ ಹಾಕಿ ಸುಮ್ಮಾಗತೈತ್ರಿ. ನಿಮಗ ತಾಸುಗಟ್ಲೆ ಫ್ಯಾನ್ ತಿರಗಬೇಕು. ಮನಿ ಇನ್ವರ್ಟರಿಗೆ ಹಾಕ್ತಾರಲ್ರಿ, ಆ ಟ್ಯೂಬುಲರ್ ಒಯ್ರಿ. ಇಲ್ಲಾಂದ್ರ ಲಿಥಿಯಂ ಐತಿ. ಹಗುರ ಐತಿ, ನೀರು ಕೇಳಂಗಿಲ್ಲ, ಏನೂ ಕೇಳಂಗಿಲ್ಲ."

ಏನೂ ಕೇಳದ್ದೇ ಇರಲಿ ಎಂದೆ ನಾನು. ಮನೆಯಲ್ಲಿ ಕೇಳುವವರು ಸಾಕಷ್ಟಿದ್ದರು. ಇವರು ಒಪ್ಪದೆ ಟ್ಯೂಬುಲರ್ ಮೇಲೆ ಕೈಯಿಟ್ಟರು.

"ಏನೂ ಕೇಳದೇ ಇರೂದು ಒಂದಿನ ಹೇಳದೇನೇ ಹೋಗ್ತದ. ಇದು ನೀರು ಕೇಳ್ತದ, ಸೊರಗಿದ್ರ ತೋರಸ್ತದ. ನಾವು ನೋಡ್ಕೊಂಡ್ರ ಆತು."

ಆ ಮಾತು ಈಗಲೂ ನೆನಪಾಗುತ್ತದೆ. ಎಂದೂ ಏನೂ ಕೇಳದ ಮನುಷ್ಯ ಅವರು. ಕೊನೆಗೆ ಹೇಳದೆಯೇ ಹೋದರು.

ಬ್ಯಾಟರಿ ಬಂದ ಮೇಲೆ ಅದರದ್ದೇ ಒಂದು ಸಂಸಾರ ಶುರುವಾಯಿತು. ಪೂರ್ತಿ ಬರಿದಾಗಲು ಬಿಡಬಾರದು, ಗಾಡಿ ನಿಂತಿದ್ದರೂ ಆಗಾಗ ಚಾರ್ಜಿಗೆ ಹಾಕಬೇಕು. ತಂತಿ ಕಟ್ಟುವ ಕಡೆ ಬಿಳಿ ಪುಡಿ ಕೂತರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತಿಕ್ಕಿ, ಒರೆಸಿ, ವ್ಯಾಸಲಿನ್ ಹಚ್ಚಬೇಕು. ಮಿಕ್ಸರ್ ತರಲೇ ಎಂದು ಕೇಳಿದರೆ "ಹಾಸಿಗಿ ಇದ್ದಷ್ಟು ಕಾಲು ಚಾಚು" ಎನ್ನುತ್ತಿದ್ದರು. ಫ್ಯಾನು, ದೀಪ, ನೀರೆತ್ತುವ ಸಣ್ಣ ಪಂಪು, ಅಷ್ಟೇ ಅದರ ಹಾಸಿಗೆ. ಅದರ ಆಸಿಡ್ಡು ಸಿಡಿದ ಅಂಗಿಗಳು ಮೊದಲು ಚೆನ್ನಾಗಿಯೇ ಕಾಣುತ್ತಿದ್ದವು. ಒಗೆದು ಹಗ್ಗಕ್ಕೆ ಹಾಕಿದಾಗ ಸಾಸಿವೆ ಕಾಳಿನಷ್ಟು ತೂತುಗಳು. ಆ ತೂತುಗಳಿಗಾಗಿ ನಾನು ಎಷ್ಟು ಜಗಳವಾಡಿದೆ.

ಮೊದಲ ಸಲ ಕೃಷ್ಣಾ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ಇವರು ಬ್ಯಾಟರಿಗೆ ನೀರು ಹಾಕುತ್ತಿದ್ದರು, ಅಂಗಡಿಯಿಂದ ತಂದ, ಬಟ್ಟಿ ಇಳಿಸಿದ ಬಾಟಲಿ ನೀರು. ಅತ್ತೆ ಹೊಳೆಯಿಂದ ತಂಬಿಗೆ ತುಂಬಿಕೊಂಡು ಬಂದರು.

"ಕೃಷ್ಣೆಕಿಂತ ಚೊಕ್ಕ ನೀರು ಯಾವ ಅಂಗಡ್ಯಾಗ ಸಿಗ್ತದೋ? ಇದನ್ನ ಹಾಕು."

"ಅಮ್ಮಾ, ಹೊಳಿ ನೀರಾಗ ಉಪ್ಪದ, ಸುಣ್ಣದ. ನಮಗ ತೀರ್ಥ, ಇದಕ್ಕ ವಿಷ. ಇದಕ್ಕೂ ಒಂದು ಮಡಿ ಅದ ಅಂತ ತಿಳ್ಕೋ."

ಬೇರೆ ಯಾವ ವಿಜ್ಞಾನ ಹೇಳಿದ್ದರೂ ಅತ್ತೆ ಕೇಳುತ್ತಿರಲಿಲ್ಲ. ಮಡಿ ಎಂದದ್ದೇ ತಡ, ಊರಿಗೆ ಬಂದೊಡನೆ ಆ ಬಾಟಲಿ ದೇವರ ಮನೆಯ ಪಕ್ಕದ ಗೂಡಿಗೆ ಹೋಯಿತು. ಉಪ್ಪಿನಕಾಯಿ ಕಲಸಿದ ಕೈಯಲ್ಲಿ ಅದನ್ನು ಮುಟ್ಟಿದೆನೆಂದು ಒಮ್ಮೆ ನನಗೆ ಬೈಗುಳವೂ ಬಿತ್ತು. ದೇವರ ಪೂಜೆಗೆ ಬರದ ನೆಂಟರನ್ನು ಬಿಟ್ಟಾರು, ಬ್ಯಾಟರಿಯ ಮಡಿ ಕೆಡಿಸಿದವರನ್ನು ಬಿಡುತ್ತಿರಲಿಲ್ಲ.

ಮಂತ್ರಾಲಯಕ್ಕೆ ಹೋದೆವು, ಮಲ್ದಕಲ್ ತಿಮ್ಮಪ್ಪನಲ್ಲಿಗೆ ಹೋದೆವು. ಅತ್ತೆ ಗಾಡಿಯ ಬಾಗಿಲಲ್ಲಿ ಕೂತು ಕಂಡವರಿಗೆಲ್ಲ "ಇದು ನನ್ನ ಮನಿ, ನನ್ನ ಮಗ ಕಟ್ಟಿಸ್ಯಾನ" ಎನ್ನುತ್ತಿದ್ದರು. ಸುಖ ಎಂದರೆ ಅದೇ ಆಗಿತ್ತು. ಆಗ ನನಗೆ ಹಾಗೆನಿಸಲಿಲ್ಲ, ಗಾಡಿಯಲ್ಲಿ ಸೆಕೆ ಎಂದು ಗೊಣಗುತ್ತಿದ್ದೆ.

ಇವರು ಹೋದದ್ದು ಬಸ್ಸಿನಲ್ಲಿ. ಹೈದರಾಬಾದಿನಲ್ಲಿ ಗೆಳೆಯರ ಮನೆಯ ಮದುವೆ ಮುಗಿಸಿ ಒಬ್ಬರೇ ಬರುತ್ತಿದ್ದರು. ಕೋಸಗಿಯಲ್ಲಿ ಬಸ್ಸು ನಿಂತಾಗ ಪಕ್ಕದವರು ಇಳಿಯಲೆಂದು ಎಬ್ಬಿಸಿದರೆ ಇವರು ಏಳಲಿಲ್ಲ. "ಸುಖದ ಸಾವು, ಹೂವಿನ ಹಾಂಗ ಹೋದ್ರು" ಎಂದು ಬಂದವರೆಲ್ಲ ಹೇಳಿದರು. ಹಾಗೆ ಹೇಳಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದು ಯಾರಿಗೆ ಸುಖ ಎಂದು ನಮ್ಮನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ಗಂಗೆಯ ನೀರು ಹಾಕಬೇಕು. ಅದಕ್ಕೆಂದೇ ಅತ್ತೆಯ ಬಳಿ ಕಾಶಿಯಿಂದ ಬಂದ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿ ಇತ್ತು. ತಮ್ಮ ಕೊನೆಗಾಲಕ್ಕೆಂದು ದೇವರ ಮುಂದೆ ಇಟ್ಟುಕೊಂಡಿದ್ದರು. ಮಗನನ್ನು ಮನೆಗೆ ತಂದಾಗ ಅದನ್ನು ಕೈಗೆ ತೆಗೆದುಕೊಂಡು, ಅವನ ಮುಖ ನೋಡಿ, ತಿರುಗಿ ಇಟ್ಟುಬಿಟ್ಟರು. "ಉಸಿರಿದ್ದಾಗ ಹಾಕಬೇಕಾಗಿತ್ತು," ಎಂದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಅಂದಿನಿಂದ ಅತ್ತೆ ಗಾಡಿಯಲ್ಲೇ ಮಲಗತೊಡಗಿದರು, ಮಗ ಹಾಕಿಸಿದ ದೀಪದ ಕೆಳಗೆ. ನಾನು ಇವರು ಮಾಡುತ್ತಿದ್ದಂತೆಯೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ, ನೀರು ಹಾಕಿದೆ, ಬಿಳಿ ಪುಡಿ ತಿಕ್ಕಿದೆ. ಬೆರಳು ಉರಿದರೆ ಸಮಾಧಾನವಾಗುತ್ತಿತ್ತು. ಆದರೂ ದೀಪ ಮಂಕಾಗುತ್ತ ಬಂತು. ಎಷ್ಟು ಚಾರ್ಜು ಮಾಡಿದರೂ ಸಂಜೆಯೊಳಗೆ ಸೊರಗುತ್ತಿತ್ತು.

ಗದ್ವಾಲಿನ ಅಂಗಡಿಯವನು ನಾರಾಯಣಪೇಟೆಗೆ ಬಂದಾಗ ಒಂದು ಮಧ್ಯಾಹ್ನ ನಮ್ಮಲ್ಲಿಗೂ ಬಂದ. ಗಾಜಿನ ಕೊಳವೆಯಲ್ಲಿ ಬ್ಯಾಟರಿಯ ಆರು ಖಾನೆಗಳ ಆಸಿಡ್ಡನ್ನು ಒಂದೊಂದಾಗಿ ಎಳೆದು ನೋಡಿದ.

"ಐದು ಖಾನಿ ಛಲೋ ಅದಾವ್ರಿ ಅಮ್ಮ. ಇದೊಂದು ಸತ್ತೈತಿ. ಒಂದು ಸತ್ತರ ಎಲ್ಲಾನೂ ಜಗ್ಗತೈತಿ. ನೀವು ಬಾಳ ಛಲೋ ನೋಡ್ಕೊಂಡೀರಿ, ನಿಮ್ಮ ತಪ್ಪಲ್ಲ. ನಾಳೆ ಹೊಸಾದು ಕಳಸ್ತೀನಿ, ಇದನ್ನ ಒಯ್ಯತೀವಿ."

ಅತ್ತೆ ಬಾಗಿಲಲ್ಲಿ ಕೂತು ಕೇಳುತ್ತಿದ್ದರು. ನಾನು ಅವನನ್ನು ಬೀದಿಯ ತನಕ ಕಳಿಸಿ, ಒಳಗೆ ಹೋಗಿ ಮುಖ ತೊಳೆದುಕೊಂಡೆ. ಅತ್ತದ್ದು ಅತ್ತೆಗೆ ಕಾಣಬಾರದೆಂದು ಸಂಜೆಯ ತನಕ ಅಡುಗೆಮನೆಯಲ್ಲೇ ಉಳಿದೆ.

ತಿರುಗಿ ಬಂದಾಗ ಅತ್ತೆ ಮಿಂದು ಮಡಿಯುಟ್ಟು ಬ್ಯಾಟರಿಯ ಮುಂದೆ ಕೂತಿದ್ದರು. ಮುಚ್ಚಳಗಳನ್ನೆಲ್ಲ ಬಿಚ್ಚಿ, ಸೆರಗಿನಿಂದ ಒರೆಸಿ, ಸಾಲಾಗಿ ಇಟ್ಟಿದ್ದರು. ಗಿಂಡಿಯ ಬೆಸುಗೆ ಒಡೆದಿತ್ತು. ಪೂಜೆಯ ಉದ್ಧರಣೆಯಿಂದ ಒಂದೊಂದು ಬಾಯಿಗೂ ಗಂಗೆ ಹಾಕುತ್ತ "ನಾರಾಯಣ, ನಾರಾಯಣ" ಎನ್ನುತ್ತಿದ್ದರು.

"ಅತ್ತೀ, ಏನ್ ಮಾಡ್ಲಿಕ್ಕತ್ತೀರಿ?"

"ಇನ್ನೂ ಜೀವ ಅದ ಅಂದನಲ್ಲ ಅಂವ," ಎಂದರು, ತಲೆ ಎತ್ತದೆ. "ನನ್ನ ಮಗನ ಬಾಯಾಗ ಯಾರೂ ಒಂದು ಹನಿ ಹಾಕಲಿಲ್ಲ. ಇದು ಹೋಗೂ ಮುಂದ ನಾ ಇದ್ದೀನಿ. ಅವ ಹೇಳಿದ ಮಡಿ ಮುರಿಲಿಕ್ಕತ್ತೀನಿ, ಅದೂ ಗೊತ್ತದ ನನಗ."

ನಾನು ಪಕ್ಕದಲ್ಲಿ ಕೂತೆ. ಕೊನೆಯ ಖಾನೆಗೆ ಬಂದಾಗ ಅತ್ತೆ ಉದ್ಧರಣೆಯನ್ನು ನನ್ನ ಕೈಗೆ ಕೊಟ್ಟರು. ಅದು ಸತ್ತ ಖಾನೆ. ಅದರ ಬಾಯಿಗೆ ನಾನು ಹಾಕಿದೆ.

ಮರುದಿನ ಬ್ಯಾಟರಿ ಹೋಯಿತು. ಆ ವಾರ ಅತ್ತೆ ಸೀರೆ ಒಗೆದು ಕೋಲಿನಿಂದ ಗಳದ ಮೇಲೆ ಹಾಕಿದರು. ಬಿಸಿಲಿಗೆ ಸೆರಗಿನ ತುಂಬ ಸಾಸಿವೆಯಷ್ಟು ತೂತುಗಳು ಕಂಡವು. ತೂತು ಬಿದ್ದ ಬಟ್ಟೆ ಮಡಿಗೆ ಬರುವುದಿಲ್ಲ. ಹಾಗಾಗಿ ಮದುವೆಯಾಗಿ ಬಂದಂದಿನಿಂದ ಮೊದಲ ಸಲ ಅವರ ಮಡಿ ಸೀರೆಯನ್ನು ನಾನು ಮುಟ್ಟಿದೆ, ಗಳದಿಂದ ತೆಗೆದು ಮಡಿಚತೊಡಗಿದೆ. ಮಡಿಚುತ್ತಲೇ ಕೇಳಿದೆ.

"ಗಿಂಡಿ ಬರಿದಾತಲ್ಲ ಅತ್ತೀ. ನಿಮಗ?"

ಅತ್ತೆ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡರು.

"ನನ್ನ ಹತ್ರ ನೀ ಇರ್ತೀಯಲ್ಲ," ಎಂದರು. "ನಳದ ನೀರು ಹಾಕು, ಸಾಕು."